ನೊರೆ ನಿಂತ ಮೇಲೆ

ಹೋದ ವಾರ ಉಕ್ಕುತ್ತಿದ್ದ ಹಾಲು ಇಳಿಸಲು ಬಗ್ಗಿದಾಗ ನನ್ನ ಮುಂಗುರುಳಿಗೆ ಉರಿ ತಗುಲಿತು. ಸುಟ್ಟ ಕೂದಲಿನ ವಾಸನೆ ಅಡುಗೆಮನೆ ತುಂಬಿತು. ಕಿಟಕಿ ತೆರೆದೆ. ಆದರೆ ಮನಸ್ಸು ಆಗಲೇ ಶಹಾಬಾದಿನ ಶಾಲೆಯ ಪ್ರಯೋಗಶಾಲೆಗೆ ಹೋಗಿತ್ತು, ಆಪಾ ಅವರ ಪಕ್ಕಕ್ಕೆ...

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಆಪಾ ಅಲ್ಲಿ ವಿಜ್ಞಾನದ ಹಿರಿಯ ಶಿಕ್ಷಕಿ; ಅಕ್ಕ ಎಂಬರ್ಥದಲ್ಲಿ ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಯಾವುದೋ ಬಿಳಿ ಪುಡಿ ಕೊಟ್ಟರೆ ನೀರಿಗೆ ಹಾಕಿ, ಉರಿಗೆ ಹಿಡಿದು, ಆಸಿಡ್ ಬಿಟ್ಟು ನೋಡಿ, ಅದು ಉಪ್ಪೋ ಸೋಡಾವೋ ಪಟಿಕವೋ ಹೇಳುತ್ತಿದ್ದರು. ಕಾಲ್ಗೆಜ್ಜೆಯ ಬೆಳ್ಳಿ ನಿಜವೇ ಎಂದು ಕೇಳಲು ಊರಿನ ಹೆಂಗಸರೂ ಬರುತ್ತಿದ್ದರು.

ಪರೀಕ್ಷೆ ಮುಗಿದಿದ್ದ ಒಂದು ಮಧ್ಯಾಹ್ನ ಕಲ್ಲು ಒಡೆಯುವವನೊಬ್ಬನ ಹೆಂಡತಿ ಬಂದಳು. ಒಂಬತ್ತು ವರ್ಷದ ಹಿಂದೆ ಖಣಿ ಕೆಲಸಕ್ಕೆ ಹೋದ ಗಂಡ ಮರಳಿರಲಿಲ್ಲ. ಮುಂಬೈಯಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆಂದು ಅತ್ತೆಮನೆಯವರ ಮಾತು. ಇವಳು ಬಳೆ, ಕುಂಕುಮ ಬಿಟ್ಟಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಮೂರು ತುಂಡು ಮೇಜಿನ ಮೇಲಿಟ್ಟಳು. ಬೆರಳುದ್ದ, ಬೂದು ಬಣ್ಣ, ಮೇಲೆ ಒರಟು ಪದರ.

"ಕಲ್ಲು ತಗದು ಬಿಟ್ಟ ಹಳೇ ಖಣ್ಯಾಗ ನೀರು ಆರೇದ್ರಿ. ತಳದಾಗ ಇವು ಸಿಕ್ಕಾವ. ಕಲ್ಲೋ ಎಲುಬೋ ಹೇಳ್ರಿ ಆಪಾ. ಪೊಲೀಸರ ಕಡಿ ಹೋದ್ರ, ಕಲ್ಲು ತಂದೀ ಅಂತ ನಗ್ತಾರ."

ಆಪಾ ಒಂದು ತುಂಡನ್ನು ಬೀಕರಿನಲ್ಲಿಟ್ಟು ಆಸಿಡ್ ಸುರಿದರು. ಭುಸ್ಸೆಂದು ನೊರೆ ಎದ್ದಿತು. ನಮ್ಮ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಆಸಿಡ್ ಬಿದ್ದರೆ ಹೀಗೇ ಆಗುತ್ತದೆ. ಆಪಾ ಮುಖ ಅರಳಿತು.

"ಕಲ್ಲದವ್ವ. ಸುಣ್ಣದ ಕಲ್ಲು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನೀರು ಕೇಳಿ ಕುಡಿದಳು. ಮುಂಬೈಯಿಂದ ಎಂದಾದರೂ ಬಂದೇ ಬರುತ್ತಾನೆ ಎಂದಳು.

ಅಷ್ಟರಲ್ಲಿ ನೊರೆ ನಿಂತಿತು...

ಕರಗಿದ್ದು ಮೇಲೆ ಕಟ್ಟಿದ್ದ ಸುಣ್ಣದ ಪದರ ಮಾತ್ರ. ಒಳಗಿನದು ಹಾಗೇ ಉಳಿದಿತ್ತು, ನುಣ್ಣಗೆ, ಹಳದಿಯಾಗಿ. ಆಪಾ ಎರಡನೆಯ ತುಂಡನ್ನು ಕೆರೆದು, ಇಕ್ಕಳದಲ್ಲಿ ಉರಿಗೆ ಹಿಡಿದರು. ತುದಿ ಕಪ್ಪಾಯಿತು. ಆಮೇಲೆ ಕೂದಲು ಸುಟ್ಟಂಥ ವಾಸನೆ ಬಂತು. ಅದು ಕಲ್ಲಿನ ವಾಸನೆಯಲ್ಲವೆಂದು ಆಪಾ ಹೇಳುವ ಮೊದಲೇ ಆ ಹೆಂಗಸಿಗೆ ತಿಳಿದಿತ್ತು.

"ಎಲುಬದ ತಾಯಿ," ಎಂದರು ಆಪಾ. "ಆಡಿಂದೋ ಮನುಷ್ಯಾರ್ದೋ ಹೇಳಾಕ ನನಗ ಬರಂಗಿಲ್ಲ."

ಅವಳು ಬೀಕರನ್ನೇ ನೋಡುತ್ತ ನಿಂತಳು. "ಒಂಬತ್ತು ವರ್ಷ ಅದೇ ನೀರಾಗ ಅರಿಬಿ ಒಗದೀನ್ರಿ. ಒಂದೊಂದ್ಸಲ ಅನಸ್ತಿತ್ತು, ತಳದಾಗ ಯಾರೋ ಕುಂತು ಕೇಳಾಕತ್ತಾರಂತ."

ನಾನು ಬರ್ನರಿನ ಉರಿ ಆರಿಸಿದೆ.

ಆಪಾ ಅಂದೇ ಅವಳನ್ನು ಠಾಣೆಗೆ ಕರೆದುಕೊಂಡು ಹೋದರು. ಖಣಿಯ ಕೆಸರಿನಲ್ಲಿ ಉಳಿದದ್ದೂ ಸಿಕ್ಕಿತು, ಬೆಳ್ಳಿಯ ಉಡದಾರದ ಸಮೇತ. ಅದರ ಹರಿದ ಕೊಂಡಿಗೆ ತಾನೇ ತಂತಿ ಸುತ್ತಿದ್ದೆ ಎಂದು ಅವಳು ಗುರುತಿಸಿದಳು. ಕಾಲು ಜಾರಿ ಬಿದ್ದಿರಬೇಕು ಎಂದರು ಪೊಲೀಸರು.

ಮೂರನೆಯ ದಿನ ಪ್ರಯೋಗಶಾಲೆಯಲ್ಲಿ ಆ ಬೀಕರ್ ಮರೆತದ್ದು ನೆನಪಾಯಿತು. ತುಂಡಿನ ಆಕಾರ ಬದಲಾಗಿರಲಿಲ್ಲ, ಆದರೆ ಆಪಾ ಎತ್ತಿದಾಗ ಎಳೆ ಚವಳಿಕಾಯಿಯಂತೆ ಬಾಗಿತು. ಅವರು ಅದನ್ನು ತೊಳೆದು, ತಮ್ಮ ಕರವಸ್ತ್ರದಲ್ಲಿ ಸುತ್ತಿದರು. ಉಳಿದವುಗಳ ಜೊತೆ ಮಣ್ಣಿಗೆ ಸೇರಲೆಂದು ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು.

ಅವಳ ಕೈ ಬರಿದಾಗಿತ್ತು. ಅವಸರದಲ್ಲಿ ಕಲ್ಲು ಎಂದದ್ದಕ್ಕೆ ಆಪಾ ಮಾಫಿ ಕೇಳಿದರು.

"ಯಾಕ್ರಿ ಆಪಾ?" ಎಂದಳು ಅವಳು. "ನೀವು ಕಲ್ಲಂದ್ರಲ್ಲ, ಆ ಎರಡ ಮಿನಿಟ ಅವ ಖರೇನ ಬದುಕಿದ್ದ."

ಮರಳುವಾಗ ಬಸ್ ನಿಲ್ದಾಣದ ಹತ್ತಿರ ಆಪಾ, "ಒಂದ ಗುರುತು ನೋಡಿ ಹೆಸರು ಹೇಳಬ್ಯಾಡ ತಂಗಿ," ಎಂದರು.

ಆಮೇಲೆ ನನಗೆ ಚಿತ್ತಾಪುರಕ್ಕೆ ವರ್ಗವಾಯಿತು. ಏನೇ ಸಂದೇಹ ಬಂದರೂ ಆಪಾಗೆ ಫೋನ್ ಮಾಡುವ ರೂಢಿ ಉಳಿಯಿತು. ನಿನ್ನೆ ನನ್ನ ವಿದ್ಯಾರ್ಥಿನಿಯರು ವಾಡಿಯ ರೈಲುಹಳಿ ಬದಿಯಿಂದ ಹೊಳೆಯುವ ಕಲ್ಲೊಂದನ್ನು ತಂದು, ಇದು ಬಂಗಾರವೇ ಎಂದು ಕೇಳಿದರು. ನಾನು ಫೋನ್ ತೆಗೆದು ಆಪಾ ನಂಬರ್ ಒತ್ತಿದೆ. ಆ ಕಡೆ ನಾಲ್ಕು ಸಲ ರಿಂಗಾಯಿತು. ಅವರು ತೀರಿಕೊಂಡು ಎರಡು ತಿಂಗಳಾಯಿತೆಂದು ಆಗ ನೆನಪಾಯಿತು... ಆದರೂ ರಿಂಗ್ ತಾನಾಗಿ ನಿಲ್ಲುವ ತನಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.