ತೊಂಬತ್ತು ಕಿಲೋದ ಪುಟ್ಟ ಮಗು

ಕಳೆದ ವಾರ ನಮ್ಮ ಲೇಕ್ ಗಾರ್ಡನ್ಸ್ ಓಣಿಯ ಪುಟ್ಟ ಮಗುವಿಗೆ ಎದೆನೋವು ಬಂತು. ಮಗುವಿನ ವಯಸ್ಸು ಅರವತ್ತೆಂಟು. ತೂಕ ತೊಂಬತ್ತು ಕಿಲೋ. ಮೀನು ಮಾರ್ಕೆಟ್ಟಿನಿಂದ ಬರುತ್ತಾ ನಮ್ಮ ಗೇಟಿನೆದುರೇ ಕುಸಿದು ಕೂತಿತು.

ಗಾಬರಿಯಾಗಬೇಡಿ. ಅವರ ಹೆಸರು ಖೋಕಾ; ಬಂಗಾಳಿಯಲ್ಲಿ ಹಾಗೆಂದರೆ ಪುಟ್ಟ ಹುಡುಗ. ಇಲ್ಲಿ ಬಂಗಾಳದಲ್ಲಿ ಎಲ್ಲರಿಗೂ ಎರಡೆರಡು ಹೆಸರು. ಸ್ಕೂಲು, ಆಫೀಸಿಗೆ ಘನಗಂಭೀರವಾದ ‘ಭಾಲೋ ನಾಮ್’. ಮನೆಗೆ, ಓಣಿಗೆ ಮುದ್ದಿನ ‘ಡಾಕ್ ನಾಮ್’. ತೊಟ್ಟಿಲು ಅಟ್ಟ ಸೇರಿದರೂ ತೊಟ್ಟಿಲಿನ ಹೆಸರು ಮಾತ್ರ ಹೋಗುವುದಿಲ್ಲ.

ನಾನೂ ಮಗಳೂ ಖೋಕಾದಾರನ್ನು (ದಾ ಎಂದರೆ ಅಣ್ಣ) ಆಸ್ಪತ್ರೆಗೆ ಒಯ್ದೆವು.

“ಪೇಷಂಟ್ ಹೆಸರು?” ಎಂದ ಕೌಂಟರಿನವನು.

“ಖೋಕಾದಾ.”

“ಭಾಲೋ ನಾಮ್ ಹೇಳಿ ಬೌದಿ,” ಎಂದು ನನ್ನನ್ನು ಅತ್ತಿಗೆ ಮಾಡಿಕೊಂಡ. “ಇದನ್ನ ಕಂಪ್ಯೂಟರ್ ತಗೊಳ್ಳಲ್ಲ. ಹೆಸರಿಲ್ದೆ ಆಂಜಿಯೋಗ್ರಾಂ ಆಗಲ್ಲ.”

ಆಹಾ, ಹೃದಯ ನಿಂತರೂ ಪರವಾಗಿಲ್ಲ, ಕಂಪ್ಯೂಟರ್ ನಿಲ್ಲಬಾರದು!

ಇಷ್ಟು ವರ್ಷ ಅವರ ಮನೆಯ ಸಂದೇಶ್ ಸಿಹಿ ತಿಂದ ನನಗೆ ಹೆಸರು ಗೊತ್ತಿಲ್ಲ. ಹಿಂದೆಯೇ ಟ್ಯಾಕ್ಸಿ ಹಿಡಿದು ಬಂದ ಅವರ ಬಾಲ್ಯಸ್ನೇಹಿತ ಪೋಲ್ಟುದಾ ರೇಗಿದರು, “ಖೋಕಾ ಅಂದ್ರೆ ಖೋಕಾ! ಇನ್ನೇನಿರತ್ತೆ?” ಖೋಕಾದಾರ ಹೆಂಡತಿ ಪುರಿಯಲ್ಲಿ, ಫೋನ್ ಸ್ವಿಚ್ ಆಫ್. ಮನೆ ಬಾಗಿಲ ಬೋರ್ಡಿನಲ್ಲಿ ಇನ್ನೂ ಅವರಪ್ಪನ ಹೆಸರು.

ಮೆಡಿಕಲ್ ಓದುವ ನನ್ನ ಮಗಳು ಹೆದರಿದಾಗ ಪಾಠ ಒಪ್ಪಿಸುತ್ತಾಳೆ. “ಅಮ್ಮಾ, ಲ್ಯಾಟಿನ್‌ನಲ್ಲೂ ಹೀಗೇ ಮುದ್ದಿನ ಹೆಸರು. ಮುಸ್ ಅಂದ್ರೆ ಇಲಿ. ಕುಲುಸ್ ಅಂತ ಬಾಲ ಸೇರಿಸಿದ್ರೆ ಮುಸ್ಕುಲುಸ್, ಪುಟ್ಟ ಇಲಿ. ಮಸಲ್ ಬಂದಿದ್ದೇ ಅಲ್ಲಿಂದ. ಪೂಪಾ ಅಂದ್ರೆ ಗೊಂಬೆ, ಪೂಪಿಲ್ಲಾ ಪುಟ್ಟ ಗೊಂಬೆ. ಸೋ, ಕಣ್ಣಿನ ಪ್ಯೂಪಿಲ್!”

(ನಮ್ಮ ಕಣ್ಣಪಾಪೆಯೂ ಗೊಂಬೆಯೇ ಅಲ್ಲವೇ? ಕತ್ತಿ ಹಿಡಿದು ಸಾಮ್ರಾಜ್ಯ ಕಟ್ಟಿದ ರೋಮಿನವರೂ ಪದಗಳಿಗೆ ಬಾಲ ಅಂಟಿಸಿ ಮುದ್ದುಗರೆಯುತ್ತಿದ್ದರಂತೆ. ಪಾಪ, ಅವರಿಗೆ ಅಷ್ಟೆಲ್ಲ ವ್ಯಾಕರಣ ಬೇಕಿತ್ತು. ಬಂಗಾಳಿಗಳಿಗೆ ಮುದ್ದಿನ ಹೆಸರಿಡಲು ಒಬ್ಬಳು ಅಜ್ಜಿ ಸಾಕು.)

“ಸುಮ್ನಿರೇ ಮಾರಾಯ್ತಿ!” ಎಂದೆ.

ನರ್ಸ್ ರೋಗಿಯನ್ನೇ ಕೇಳಿದಳು. ಆಕ್ಸಿಜನ್ ಮಾಸ್ಕಿನೊಳಗಿಂದ ಕ್ಷೀಣ ದನಿಯಲ್ಲಿ ಉತ್ತರ ಬಂತು: “ಖೋಕಾ.”

ಕೊನೆಗೆ ಹೆಂಡತಿಯ ಫೋನ್ ಸಿಕ್ಕಿತು. ಅಳುತ್ತಲೇ ಹೆಸರು ಹೇಳಿದರು: ಪ್ರದ್ಯೋತ್‌ನಾರಾಯಣ್.

“ಅದ್ಯಾರು?” ಎಂದರು ಪೋಲ್ಟುದಾ.

ಕಂಪ್ಯೂಟರಿಗೆ ಸಮಾಧಾನವಾಯಿತು. ಆಂಜಿಯೋಗ್ರಾಂ ಆಯಿತು, ಸ್ಟೆಂಟ್ ಕೂತಿತು. ಸಂಜೆ ನರ್ಸ್ ಹಾಸಿಗೆಯ ಬಳಿ ನಿಂತು, “ಪ್ರದ್ಯೋತ್‌ನಾರಾಯಣ್ ಬಾಬು! ಪ್ರದ್ಯೋತ್‌ನಾರಾಯಣ್ ಬಾಬು!” ಎಂದು ಕರೆದೇ ಕರೆದಳು. ಮಿಸುಕಾಟವಿಲ್ಲ. ಪೋಲ್ಟುದಾ ಅವಳನ್ನು ಸರಿಸಿ, “ಏಯ್ ಖೋಕಾ!” ಎಂದು ಗದರಿದರು.

ಖೋಕಾದಾ ಕಣ್ಣು ಬಿಟ್ಟರು.

ನಿಮ್ಮ ಆಧಾರ್ ಕಾರ್ಡಿನಲ್ಲಿ ಏನಾದರೂ ಇರಲಿ ಸ್ವಾಮಿ, ನೀವು ಕಣ್ಣು ಬಿಡುವುದು ಯಾವ ಹೆಸರಿಗೆ?