ನಾನು ಇಡದ ಹಲಸಿನ ಹಣ್ಣು

ಹುದಿಕೇರಿ ಕಡೆಯ ಈ ಕಾಫಿ ಎಸ್ಟೇಟಿಗೆ ಬಂದ ಹೊಸತು. ಆಳುಗಳು ಮರದ ತುಂಬ ತೂಗುತ್ತಿದ್ದ ಎಳೆ ಹಲಸನ್ನೆಲ್ಲ ಕಡಿದು ಕೆಡವಿ, ಗುಂಡಿ ತೋಡಿ ಹೂಳುತ್ತಿದ್ದರು. ಗದಗಿನ ಸಂತೆಯಲ್ಲಿ ನಾಲ್ಕು ತೊಳೆಗೆ ಚೌಕಾಸಿ ಮಾಡಿದವಳು ನಾನು. "ಅಯ್ಯ ಯವ್ವಾ, ತಿನ್ನೂದನ್ನ ಮಣ್ಣಾಗ ಹಾಕ್ತೀರೇನ್ರೀ? ಒಂದರ ಉಳಸ್ರೀ!" ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು. ಹಣ್ಣಿನ ವಾಸನೆಗೆ ಆನೆ ಬರುತ್ತದೆ, ಅದಕ್ಕೇ ಹಣ್ಣಾಗಲು ಬಿಡುವುದಿಲ್ಲ ಎಂದು ಆಮೇಲೆ ತಿಳಿಯಿತು. ನನ್ನ ಕೂಗನ್ನು ಮಾತ್ರ ಯಾರೂ ಮರೆಯಲಿಲ್ಲ.

ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಬಂದವಳು ನಾನು. ತೋಟದ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇರಲು ಲೈನಿನಲ್ಲಿ ಒಂದು ಕೋಣೆ. ಕೆಲಸಗಾರರ ಸಾಲುಮನೆಗೆ ಇಲ್ಲಿ ಲೈನ್ ಎನ್ನುತ್ತಾರೆ. ನಡುಗೋಡೆ ಮಾಡಿನವರೆಗೆ ಮುಟ್ಟುವುದಿಲ್ಲ. ಪಕ್ಕದವರ ಕೆಮ್ಮು, ಒಗ್ಗರಣೆ ಎಲ್ಲ ನಮ್ಮದೂ ಹೌದು. ಆದರೂ ಮಾತಿಗೆ ಜನವಿಲ್ಲ. ಊರಲ್ಲಿ ನಾನು ರೊಟ್ಟಿ ಬಡಿದರೆ ಓಣಿಯೇ ಉಣ್ಣಲು ಬರುತ್ತಿತ್ತು, ಇಲ್ಲಿ "ಎಂಥ ಸದ್ದು ಅದು?" ಎಂದು ಇಣುಕಿ ಹೋಗುತ್ತಾರೆ. ಭಾನುವಾರ ಬಸ್ಸು ಹಿಡಿದು ಚರ್ಚಿಗೆ ಹೋದರೆ ಆರಾಧನೆ ಮಲಯಾಳದಲ್ಲಿ. ನನಗೆ ತಿಳಿಯುವುದು ಆಮೆನ್ ಒಂದೇ. ಅದನ್ನೇ ಜೋರಾಗಿ ಹೇಳಿ ಬರುತ್ತೇನೆ.

ಮಳೆ ಹಿಡಿಯುವ ಮುಂಚೆ ಒಂದು ಬೆಳಗ್ಗೆ ಆನೆ ಬಂತು. ನನ್ನ ಕೋಣೆ, ಪಕ್ಕದ ಸೆಲ್ವಿಯ ಕೋಣೆ ಎರಡರ ಹಿಂಗೋಡೆಯನ್ನೂ ಕೆಡವಿತು. ಓಡಿಸಲು ಬಂದ ಕಾವಲಿನ ಮುದುಕ ಬೋಜಣ್ಣ ಬಿದ್ದು ಕಾಲು ಮುರಿದುಕೊಂಡ. ಅಲ್ಲಿ ಚೆಲ್ಲಿಬಿದ್ದಿದ್ದ ನಮ್ಮಿಬ್ಬರ ಸೌದೆಯ ನಡುವೆ ಹಲಸಿನ ಸಿಪ್ಪೆ ಸಿಕ್ಕಿತು.

"ಸುಗುಣಮ್ಮ, ಅವತ್ತೇ ನೀವು ಒಂದು ಉಳಿಸಿ ಅಂದಿರಲ್ಲ?" ಎಂದರು ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್.

"ನಾ ಇಟ್ಟಿಲ್ರೀ."

"ಮತ್ತೆ ಯಾರು? ಹೇಳಿ, ಅವ್ರನ್ನ ಇವತ್ತೇ ಲೈನಿಂದ ಕಳಿಸ್ತೇನೆ."

ನನಗೆ ಗೊತ್ತಿತ್ತು. ಕೆಡವಿದ ಗೋಡೆಯ ಆಚೆ ಸೆಲ್ವಿ ಹಲಸಿನ ಬೀಜಗಳನ್ನು ಒಲೆಗೆ ತುರುಕುವುದನ್ನು ನಾನೇ ಕಂಡಿದ್ದೆ. ಅವಳೂ ನನ್ನನ್ನು ಕಂಡಳು. ಅವಳ ಬೆನ್ನ ಹಿಂದೆ ಮಗಳು, ಗಂಡನ ಮನೆಯವರು ಹೊರಗೆ ಹಾಕಿದ ತುಂಬುಬಸುರಿ, ಗೋಡೆಗೆ ಒರಗಿ ಅಳುತ್ತಿದ್ದಳು. ಬಸುರಿ ಬಯಸಿದಳೆಂದು ತಾಯಿ ಬಚ್ಚಿಟ್ಟ ಹಣ್ಣು. ಹೇಳಿದರೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ಹೆಸರು ಹೇಳದೆ ಬಗ್ಗಿ ಬಿದ್ದ ಇಟ್ಟಿಗೆ ಆಯತೊಡಗಿದೆ. ಹೊಸಬಳೆಂದು ನನ್ನನ್ನು ಈ ಸಲ ಬಿಟ್ಟಿದ್ದೇನೆ, ಇನ್ನೊಮ್ಮೆ ಹೀಗಾದರೆ ಕೋಣೆ ಖಾಲಿ ಮಾಡಬೇಕೆಂದು ರೈಟರ್ ಹೇಳಿ ಹೋದರು.

ಆಮೇಲೆ ನಲ್ಲಿಯ ಬಳಿ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಂತರು. ತಾಯಂದಿರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡೇ ತೋಟಕ್ಕೆ ನಡೆದರು. ಖಾಲಿ ತೊಟ್ಟಿಲುಗಳ ನಡುವೆ ಒಬ್ಬಳೇ ಕೂತು ಅತ್ತೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅನ್ನುತ್ತಾರೆ; ನನ್ನದು ಮಾಡದ ಪಾಪ, ಎಲ್ಲರ ಬಾಯಲ್ಲೂ ಇತ್ತು. ಮುಂದಿನ ಭಾನುವಾರ ಚರ್ಚಿನಲ್ಲಿ, ಸುತ್ತ ಮಲಯಾಳದ ಹಾಡು ಏಳುತ್ತಿದ್ದಾಗ, ನಾನು ಗದಗಿನ ಮಾತಲ್ಲೇ ಜಗಳಕ್ಕಿಳಿದೆ. "ಯೇಸಪ್ಪಾ, ನಿನಗ ಕಣ್ಣಿಲ್ಲೇನು? ನಿನ್ನನ್ನೂ ಹಿಂಗ ಸುಳ್ಳು ಹೊರಿಸಿ ಕೊಂದ್ರಲ್ಲ, ಆವಾಗ ಹೆಂಗ ಸುಮ್ಮನಿದ್ದಿ?" ಬೈದು ಬೈದು ಸುಸ್ತಾದ ಮೇಲೆ, "ಆತು, ನ್ಯಾಯ ನೀನ ಇಟ್ಕೋ. ನನ್ನ ಕೈಯಾಗ ಇದ್ರ ನಾ ಬಾಯಿ ಬಿಟ್ಟೇಬಿಡ್ತೀನಿ" ಎಂದೆ. ದಿನವೂ ಬೆಳಗ್ಗೆ ಅದನ್ನೇ ಹೇಳಬೇಕಾಯಿತು. ಒಮ್ಮೆ ಹೇಳಿದ್ದು ಸಂಜೆಯವರೆಗೂ ಬಾಳುತ್ತಿರಲಿಲ್ಲ.

ಬೋಜಣ್ಣನಿಗೆ ಹಿಂದೆಮುಂದೆ ಯಾರಿಲ್ಲ. ತಂಗಿ ಕಳಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು ಒಯ್ಯತೊಡಗಿದೆ. ಮೊದಮೊದಲು ಅವನು ಮುಖ ತಿರುಗಿಸಿದ. ಆಮೇಲೆ ತಿಂದ. "ಗಟ್ಟಿ ಉಂಟು, ಆದ್ರೆ ರುಚಿ ಉಂಟು" ಎಂದ. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಅವನು ಕೋಲೂರಿ ಎದ್ದು ನಿಂತ ದಿನ ಲೈನಿನವರೆಲ್ಲ ನೋಡಲು ಬಂದಿದ್ದರು. ಎಲ್ಲರೆದುರು ಅವನು ನನ್ನನ್ನು ಕರೆದ. "ಸುಗುಣಮ್ಮ, ನೀವು ಹೊಸಬರು, ಗೊತ್ತಾಗದೆ ಇಟ್ರಿ. ನಂಗೆ ಸಿಟ್ಟಿಲ್ಲ. ನಿಮ್ಮನ್ನ ಕ್ಷಮಿಸಿದ್ದೇನೆ."

ಮೈಯೆಲ್ಲ ಉರಿಯಿತು. ಸೆಲ್ವಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವತ್ತಿನ ಪ್ರಾರ್ಥನೆಯನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು, "ಉಪಕಾರ ಆತಣ್ಣಾ" ಎಂದೆ.

ಮರುದಿನದಿಂದ ಕೂಸುಗಳು ಬಂದವು. ನಲ್ಲಿಯ ಬಳಿ ಜಾಗ ಬಿಡುತ್ತಾರೆ, ನಗುತ್ತಾರೆ, ಹಲಸಿನ ಮಾತೆತ್ತಿ ಕಿಚಾಯಿಸುತ್ತಾರೆ. ಸೆಲ್ವಿ ಇಂದಿಗೂ ಏನೂ ಹೇಳಿಲ್ಲ. ಮೊನ್ನೆ ತಂಗಿ ಫೋನಿನಲ್ಲಿ ಬಯ್ದಳು: "ಇಲ್ಲಿ ನಿನ್ನ ನಂಬೋ ಮಂದಿ ಇದ್ದೀವಿ. ಅಲ್ಲಿ ಮಾಡದ ತಪ್ಪಿಗೆ ಕ್ಷಮಾ ಮಾಡಿಸ್ಕೊಂಡು ಯಾಕ ಇರಬೇಕ? ಬಂದುಬಿಡಕ್ಕಾ." ಗದಗಿನ ಬಸ್ಸು ಕಂಡರೆ ಈಗಲೂ ಹತ್ತಿಬಿಡೋಣ ಎನಿಸುತ್ತದೆ. ಮೆಲ್ಲಗೆ ಮಾತಾಡು ಎಂದೆ ಅವಳಿಗೆ. ಸೆಲ್ವಿಯ ಮೊಮ್ಮಗಳು ನನ್ನ ತೊಡೆಯ ಮೇಲೆ ಆಗಷ್ಟೇ ನಿದ್ದೆ ಹೋಗಿದ್ದಳು.