ತಿಪ್ಪಣ್ಣನ ಎಲೆ

ಇವತ್ತು ದಸರೆ. ರೇಷನ್ನಿನ ಸಕ್ಕರೆಯನ್ನು ಎರಡು ತಿಂಗಳು ನಮ್ಮ ಚಹಾದಲ್ಲಿ ಕದ್ದು ಉಳಿಸಿ, ಮನೆಯಾಕೆ ಶ್ರೀಖಂಡ ತಿಕ್ಕಿದ್ದಾಳೆ. ಏಲಕ್ಕಿಯ ವಾಸನೆಗೆ ಸದಾಶಿವ ಪೇಠದ ಈ ವಾಡೆಯಲ್ಲಿ ಎಲ್ಲರ ಬಾಯಲ್ಲೂ ನೀರೂರಿದರೆ, ನನಗೆ ಮಾತ್ರ ಅದು ಸೇರುವುದಿಲ್ಲ. ಪಿತ್ತ ಎಂದು ಮನೆಯವರ ತೀರ್ಮಾನ. ಪಿತ್ತವಲ್ಲ ಮಹಾರಾಯರೆ, ತಿಪ್ಪಣ್ಣ.

ತಿಪ್ಪಣ್ಣ ನನ್ನ ಹದಿನಾರನೆಯ ವಯಸ್ಸಿನ ಗೆಳೆಯ. ನನ್ನ ತಂದೆ ಧಾರವಾಡದಿಂದ ಈ ಮರಾಠಿ ಊರಿಗೆ ಗುಮಾಸ್ತರಾಗಿ ಬಂದವರು. ಅವನ ತಂದೆ ಬೆಳಗಾವಿಯ ಕಡೆಯಿಂದ ಬಂದು ದಂಡಿನ ಕ್ಯಾಂಪಿನಲ್ಲಿ ಚರ್ಮದ ಕೆಲಸ ಮಾಡುತ್ತ, ಕ್ರಿಕೆಟ್ ಚೆಂಡು ಹೊಲಿಯುತ್ತಿದ್ದವರು. ಇಡೀ ಮೈದಾನದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವನು ಬೌಲರ್, ನಾನು ವಿಕೆಟ್ ಕೀಪರ್. ಅವನ ಚೆಂಡು ನೆಲ ಮುಟ್ಟಿದ ಮೇಲೆ ಎತ್ತ ತಿರುಗುತ್ತದೆಂಬುದು ದೇವರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು, ಏಕೆಂದರೆ ಅವನೇ ಮೊದಲು ಕೂಗುತ್ತಿದ್ದ: “ಎಡಕ್ಕ ಬರ್ತದ ನೋಡಲೇ!” ಮರಾಠಿ ದಾಂಡಿಗ ಪಿಳಿಪಿಳಿ ಕಣ್ಣು ಬಿಡುವಷ್ಟರಲ್ಲಿ ಗೂಟ ಹಾರಿರುತ್ತಿತ್ತು. ಪೇಠದವರೆಲ್ಲ ನನ್ನನ್ನು ಭಾರೀ ಕೀಪರ್ ಎಂದರು. ನಾನೂ ನಂಬಿದೆ.

ತೊಗಲಿನ ಚೆಂಡು ಮುಟ್ಟಿ ಬಂದ ನನ್ನನ್ನು ಅಜ್ಜಿ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದಳು. ನಮ್ಮ ಕ್ಲಬ್ಬಿನವರು ಅಷ್ಟು ಮಡಿವಂತರಲ್ಲ, ಸುಧಾರಕರು. ತಿಪ್ಪಣ್ಣನ ಅಪ್ಪ ಹೊಲಿದ ಚೆಂಡಿಗೆ ಉಗುಳು ಹಚ್ಚಿ ಉಜ್ಜಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ಊಟಕ್ಕೆ ಮಾತ್ರ.

ಆ ವರ್ಷದ ದೊಡ್ಡ ಪಂದ್ಯದಲ್ಲಿ ಚೆನ್ನಾಗಿ ಆಡಿದವರನ್ನು ಮುಂಬಯಿಗೆ ಕರೆದೊಯ್ಯುವುದಾಗಿ ಕ್ಲಬ್ಬಿನ ಸೆಕ್ರೆಟರಿ ಸಾರಿದ್ದರು. ಅಲ್ಲಿ ದೊಡ್ಡವರ ಕಣ್ಣಿಗೆ ಬಿದ್ದರೆ ಆಟಗಾರರಿಗೆ ರೈಲ್ವೆಯಲ್ಲಿ ನೌಕರಿ ಸಿಗುತ್ತಿತ್ತು. ನನಗೆ ಮುಂಬಯಿ ಎಂದರೆ ಸಮುದ್ರ. ತಿಪ್ಪಣ್ಣನಿಗೆ ಅಪ್ಪನ ಸೂಜಿಯಿಂದ ಬಿಡುಗಡೆ. ಪಂದ್ಯದ ಮಧ್ಯಾಹ್ನ ಸೆಕ್ರೆಟರಿಯ ಮನೆಯಲ್ಲೇ ಶ್ರೀಖಂಡದ ಊಟ ಎಂದು ಹಿಂದಿನ ದಿನ ತಿಳಿದಾಗ ಅವನ ಮುಖ ಸಪ್ಪಗಾಯಿತು. ನಾನು ಎದೆ ತಟ್ಟಿಕೊಂಡೆ.

“ನೀ ಎಲ್ಲಿ ಉಣ್ತಿ, ನಾನೂ ಅಲ್ಲೇ ಉಣ್ತೀನಿ. ನಮ್ಮವ್ವನಾಣಿ.”

“ಶ್ರೀಖಂಡ ನೋಡಿದ ಮ್ಯಾಲ ಹೇಳಪಾ,” ಎಂದು ನಕ್ಕ.

ಮರುದಿನ ಊಟದ ಹೊತ್ತಿಗೆ ಪಡಸಾಲೆಯಲ್ಲಿ ಹತ್ತು ಎಲೆ ಹಾಕಿತ್ತು. ಹನ್ನೊಂದನೆಯದು ದನದ ಕೊಟ್ಟಿಗೆಯ ಹಿಂದೆ. ಸೆಕ್ರೆಟರಿ ಸಂಭಾವಿತರು, ಹುಡುಗನ ಮನಸ್ಸು ನೋಯಿಸಬಾರದೆಂದು ನನ್ನನ್ನು ಬದಿಗೆ ಕರೆದು, “ನಿಮ್ಮ ಕಾನಡಿಯಲ್ಲಿ ನೀನೇ ಹೇಳಿಬಿಡು, ಮೆತ್ತಗಿರುತ್ತದೆ” ಎಂದರು. ತಿಪ್ಪಣ್ಣನ ಮರಾಠಿ ನನ್ನದಕ್ಕಿಂತ ಚೊಕ್ಕವಾಗಿತ್ತು. ಆದರೂ ಹೋಗಿ ಹೇಳಿದೆ: “ತಿಪ್ಯಾ, ನಿನ್ನ ಎಲಿ ಹಿಂದ ಹಾಕ್ಯಾರ. ಹೋಗಿ ಉಣ್ಣು.”

ಅವನು ಒಂದು ಕ್ಷಣ ಕಾದ. ನಾನೂ ಬರುತ್ತೇನೆಂದು ಕಾದಿರಬೇಕು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು, ಹೋದೆ. ಕೇಸರಿ ಹಾಕಿದ ಶ್ರೀಖಂಡವಿತ್ತು. ಸುಳ್ಳೇಕೆ ಹೇಳಲಿ, ಎರಡು ಸಲ ಬಡಿಸಿಕೊಂಡೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಕೈ ಅವನದು, ಬಾಯಿ ನನ್ನದು. ಕೊಟ್ಟಿಗೆಯ ಹಿಂದಿನ ಎಲೆಯನ್ನು ಕಾಗೆಗಳು ಉಂಡವೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ಅವನು ಬೌಲಿಂಗಿಗೆ ಬಂದಾಗ ಎಂದಿನ ಕೂಗು ಬರಲಿಲ್ಲ, ನಾನೇ ಕೂಗಿದೆ: “ಯಾ ಕಡಿಗಲೇ?” ಅವನು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, ಎಡಕ್ಕೆ ತಿರುಗಿಸುತ್ತೇನೆ ಎಂದ. ದಾಂಡಿಗನಿಗೂ ತಿಳಿಯಿತು. ತಿಳಿದೂ ಗೂಟ ಹಾರಿತು. ಹಾಗೆ ಹೇಳಿ ಹೇಳಿಯೇ ಹಸಿದ ಹೊಟ್ಟೆಯಲ್ಲಿ ಏಳು ಜನರನ್ನು ಕೆಡವಿದ. ನಾನಿರಲಿ, ಕನ್ನಡವೂ ಅವನಿಗೆ ಬೇಕಿರಲಿಲ್ಲ.

ಸಂಜೆ ಮುಂಬಯಿಗೆ ಹೋಗುವವರ ಹೆಸರು ಓದಿದರು. ನನ್ನದಿತ್ತು, ಅವನದಿರಲಿಲ್ಲ. ಅಲ್ಲಿ ತಮ್ಮ ನೆಂಟರ ಮನೆಯಲ್ಲಿ ಊಟ, ಇವನನ್ನು ಎಲ್ಲಿ ಕೂಡಿಸುವುದು ಎಂದರು ಸೆಕ್ರೆಟರಿ. ‘ಅವನಿಲ್ಲದೆ ನಾನು ಬರುವುದಿಲ್ಲ’ ಎಂಬ ಮೂರು ಶಬ್ದ ನನ್ನ ನಾಲಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ. “ರೈಲು ಎಷ್ಟು ಗಂಟೆಗೆ?” ಎಂದು ಕೇಳಿದೆ. ಮುಂಬಯಿಯಲ್ಲಿ ಮೂರು ಕ್ಯಾಚು ಬಿಟ್ಟು, ಸಮುದ್ರ ನೋಡಿಕೊಂಡು ಬಂದೆ.

ಅವನ ಅಂಗಡಿ ಕ್ಯಾಂಪಿನಲ್ಲಿ ಎಲ್ಲಿದೆ ಎಂದು ಮೂವತ್ತು ವರ್ಷದಿಂದ ಬಲ್ಲೆ. ಆ ಓಣಿ ತಪ್ಪಿಸಲು ಸುತ್ತಿದಷ್ಟು ಮೈದಾನದಲ್ಲಿ ಓಡಿದ್ದರೆ ನಾನೂ ಆಟಗಾರನಾಗುತ್ತಿದ್ದೆ! ಇವತ್ತು ಮಾತ್ರ ಊಟ ಬಿಟ್ಟೆದ್ದು ಬನ್ನಿ ಹಿಡಿದು ಹೊರಟೆ. ದಸರೆಗೆ ಬನ್ನಿ ಕೊಟ್ಟು ಹಳೆಯದನ್ನು ಮರೆಯುವುದು ನಮ್ಮ ಕಡೆಯ ಪದ್ಧತಿ. ಭಾಳ ಅಗ್ಗದ ಪದ್ಧತಿ.

ತಿಪ್ಪಣ್ಣ ಚೆಂಡು ಹೊಲಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಒಳಗೆ ಕನ್ನಡದಲ್ಲಿ, “ಯವ್ವಾ, ಮಂದಿ ಬಂದಾರ, ಕುರ್ಚಿ ತಾ” ಎಂದು ಮಗಳನ್ನು ಕೂಗಿದ. ನನ್ನ ಕಡೆ ತಿರುಗಿ ಮರಾಠಿಯಲ್ಲಿ, “ಬಸಾ ಸಾಹೇಬ” ಎಂದ.

“ಬನ್ನಿ ತಗೊಂಡು ಬಂಗಾರದಂಗ ಇರೋಣು, ತಿಪ್ಪಣ್ಣಾ. ಅವತ್ತು ನಂದು ತಪ್ಪಾತು.”

ಬನ್ನಿ ತೆಗೆದುಕೊಂಡ. ಸೂಜಿ ಕೆಳಗಿಟ್ಟು ಮರಾಠಿಯಲ್ಲೇ ಹೇಳಿದ: “ಸೆಕ್ರೆಟರಿ ಹೇಳಿದ್ದರೆ ಹೋಗಿ ಉಂಡು ಬರುತ್ತಿದ್ದೆ, ಸಾಹೇಬ. ಅವರು ಹೇಳುವುದು ನಮಗೆ ರೂಢಿ. ನೀವು ಹೇಳಿದಿರಿ.”

ಮಗಳು ಒಂದೇ ಒಂದು ಕಪ್ ಚಹಾ ತಂದಳು. ಅವನು ಅದನ್ನು ನನ್ನ ಮುಂದೆ ಸರಿಸಿ, ನಾನು ಕುಡಿದು ಮುಗಿಸುವವರೆಗೆ ನೋಡುತ್ತ ಕೂತ.